ಮನೆಯ ಮಾತು ಹೊರಗೆ ಹೋದ ಸುಗ್ಗಿ

ಅಮೃತಾ, ಕಿರಣಾ,

ಹೋದ ವಾರ ಚಳ್ಳಕೆರೆಯ ಮೇಲೆ ಹಾಯ್ದು ಬರುವಾಗ ನಮ್ಮ ಬಸ್ಸು ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತಲ್ಲ, ಆಗ ಕಿಟಕಿಯಿಂದ ಶೇಂಗಾ ಹಿಂಡಿಯ ವಾಸನೆ ಬಂತು. ಬಿಸಿ ಎಣ್ಣೆ, ಕರಕಲು ಸಿಪ್ಪೆ, ಗೋಣಿಚೀಲ ಎಲ್ಲ ಬೆರೆತ ವಾಸನೆ. "ಎಷ್ಟು ಘಮ ಐತಲ್ಲ ಅಜ್ಜಿ" ಎಂದಳು ಅಮೃತ. ನಾನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳು ನೋವಿನಿಂದ ಕೊಸರಿಕೊಂಡಳು. ಏನಾಯ್ತು ಎಂದು ದಾರಿಯುದ್ದಕ್ಕೂ ಇಬ್ಬರೂ ಕೇಳಿದಿರಿ. ನಾನು ಹೇಳಲಿಲ್ಲ. ಎದುರಿಗೆ ಕೂತವರಿಗೆ ಬಾಯಿಬಿಟ್ಟು ಹೇಳುವುದು ನನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ. ಕೊಂಡ್ಲಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಕಲಿತ ಅಕ್ಷರ ಕೈಯಲ್ಲಿದೆ, ಅದರಲ್ಲಿ ಬರೆಯುತ್ತೇನೆ. ನಿಮ್ಮವ್ವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅವ್ವಾ, ಅವ್ಕೂ ಗೊತ್ತಾಗ್ಲಿ" ಎಂದಳು.

ಆ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು. ಮಾರುಕಟ್ಟೆಯ ಅಂಗಳದಲ್ಲಿ ಜಾಗ ಸಾಲದೆ ಚೀಲಗಳನ್ನು ರಸ್ತೆಯ ತನಕ ಒಟ್ಟಿದ್ದರು. ನಿಮ್ಮ ತಾತ ಅದೇ ಅಂಗಳದಲ್ಲಿ ತೂಕದ ಕೆಲಸ ಮಾಡುತ್ತಿದ್ದವರು. ಅವರು ತೀರಿಕೊಂಡು ಒಂದು ವರ್ಷ ಕಳೆದಿತ್ತು. ಮಿಲ್ಲಿನ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ ನಾನಿದ್ದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ನಿಮ್ಮವ್ವ ಶೈಲ ನಿಂತಿದ್ದಳು. ಸೊಂಟದಲ್ಲಿ ಕೂಸು ಕಿರಣ, ಕೈ ಹಿಡಿದು ಅಮೃತ. ಬ್ಯಾಗು ಇರಲಿಲ್ಲ. ಕೆಳತುಟಿ ಒಡೆದು ಊದಿತ್ತು.

"ಇನ್ನು ಹೋಗಲ್ಲವ್ವಾ" ಎಂದಳು. ಅಷ್ಟೇ.

ಮೊಳಕಾಲ್ಮೂರಿನಲ್ಲಿ ಶೈಲ ಗಂಡನೊಡನೆ ಇದ್ದದ್ದು ಮಗ್ಗದವರ ಓಣಿಯಲ್ಲಿ. ಬೆಳಗಿನಿಂದ ಸಂಜೆಯ ತನಕ ಎರಡೂ ಕಡೆಯಿಂದ ಮಗ್ಗದ ಸದ್ದು. ನಾನು ಹೋದಾಗಲೆಲ್ಲ ಆ ಸದ್ದು ಕೇಳಲು ಎಷ್ಟು ಚೆನ್ನ ಎನ್ನುತ್ತಿದ್ದೆ. ಅದರೊಳಗೆ ನನ್ನ ಮಗಳ ಕೂಗು ಅಡಗಿಹೋಗುತ್ತಿತ್ತು ಎಂದು ಅಂದು ತಿಳಿಯಿತು.

ನಿಮ್ಮಪ್ಪ ಅಂಗಡಿಗಳಿಗೆ ಕ್ಯಾಮೆರಾ ಹಾಕುವ, ಮನೆಗಳಿಗೆ ನೆಟ್ಟಿನ ತಂತಿ ಎಳೆಯುವ ಕೆಲಸದವನು. ಮಾತು ಬೆಣ್ಣೆ. ತಾತನ ವರ್ಷದ ತಿಥಿಗೆ ಬಂದಾಗ ನಮ್ಮ ಮನೆಗೂ ತಾನೇ ನೆಟ್ಟು ಹಾಕಿಕೊಟ್ಟಿದ್ದ. ತಾತನ ಫೋಟೊದ ಮುಂದಿಡಲು ಭಜನೆ ಹಾಡುವ ಒಂದು ಪುಟ್ಟ ಪೆಟ್ಟಿಗೆಯನ್ನೂ ತಂದು, ಕೈಮುಗಿದು ಇಟ್ಟಿದ್ದ. ಇಂಥ ಅಳಿಯ ಯಾರಿಗುಂಟು ಎಂದು ಓಣಿಯವರು ಹೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಶೈಲ ಬಂದ ಮೇಲೆ ಅವನು ಜಗಳಕ್ಕೆ ಬರಬಹುದು, ಬಾಗಿಲು ಬಡಿಯಬಹುದು ಎಂದು ದಿನವೂ ಕಾದೆವು. ಬರಲಿಲ್ಲ. ನಾವು ಹೋದ ಕಡೆ ಮಾತ್ರ ಇರುತ್ತಿದ್ದ. ಕಿರಣನಿಗೆ ಲಸಿಕೆ ಹಾಕಿಸಲು ಹೋದರೆ ಆಸ್ಪತ್ರೆಯ ಬೇವಿನ ಮರದ ಕೆಳಗೆ ಬೈಕಿಗೆ ಒರಗಿ ಬಟಾಣಿ ತಿನ್ನುತ್ತ ನಿಂತಿದ್ದ.

"ಆರಾಮಾ ಅತ್ತೆ? ಬಿಸಿಲಾಗೆ ಯಾಕ್ ನಡ್ಕಂಡ್ ಬಂದ್ರಿ? ಹೇಳಿದ್ರೆ ನಾನೇ ಕರ್ಕಂಡ್ ಬರ್ತಿದ್ದೆ."

ಅಲ್ಲಿಗೆ ಹೋಗುವುದನ್ನು ನಾವು ಹಿಂದಿನ ದಿನವಷ್ಟೇ ನಿರ್ಧರಿಸಿದ್ದು. ಇನ್ನೊಂದು ದಿನ ಕೊಂಡ್ಲಹಳ್ಳಿಯ ನನ್ನ ಅಣ್ಣ ತಿಪ್ಪೇಸ್ವಾಮಿಯ ಮನೆಗೆ ಹೋದೆವು. ನಿಮ್ಮಪ್ಪ ನಮಗಿಂತ ಮುಂಚೆಯೇ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅಮೃತಳನ್ನು ಎತ್ತಿ ಬೈಕಿನ ಮುಂದೆ ಕೂರಿಸಿಕೊಂಡು ಹೊರಟೇಬಿಟ್ಟ. ಹೊಲದ ದಾರಿಯ ತಿರುವಿನಲ್ಲಿ ಬೈಕು ಮರೆಯಾಯಿತು. ಸದ್ದೂ ನಿಂತಿತು. ಶೈಲ ಬರಿಗಾಲಿನಲ್ಲಿ ಹಿಂದೆ ಓಡಿದಳು. ನಾನು ಕಿರಣನನ್ನು ಎತ್ತಿಕೊಂಡು ಅಂಗಳದ ಅಂಚಿನ ತನಕ ಹೋದೆ. ಸ್ವಲ್ಪ ಹೊತ್ತಿಗೆ ಅವನು ತಿರುಗಿ ಬಂದ. ಮಗುವಿನ ಕೈಯಲ್ಲಿ ಪೆಪ್ಪರಮೆಂಟು.

"ಹೆದರ್ಕಂಡ್ರಾ ಅತ್ತೆ? ಒಂದಿನ ಹಿಂಗೇ ಕರ್ಕಂಡ್ ಹೋಗ್ತೀನಿ. ಆಮ್ಯಾಲೆ ನೀವು ಹುಡುಕ್ಕಂತ ಕೂತ್ಕಳ್ರಿ" ಎಂದು ನಕ್ಕ.

ಅಣ್ಣನೂ ಜೊತೆಗೆ ನಕ್ಕ. "ತಮಾಷೆ ಮಾಡ್ತಾನೆ ಬಿಡು ತಂಗಿ. ಗಂಡ ಹೆಂಡ್ತಿ ಅಂದ್ಮ್ಯಾಲೆ ಇದ್ದಿದ್ದೇ. ಹೊಂದ್ಕಂಡು ಹೋಗು ಅನ್ನು ನಿನ್ ಮಗಳಿಗೆ."

ಅದು ತಮಾಷೆಯಲ್ಲ ಎಂದು ನನಗೂ ಗೊತ್ತಿತ್ತು, ಶೈಲಳಿಗೂ ಗೊತ್ತಿತ್ತು. ಆದರೆ ಯಾರ ಬಳಿ ದೂರಲಿ? ಮರದ ಕೆಳಗೆ ನಿಂತು ನಗುವುದು ಅಪರಾಧವೇ? ಮಗಳಿಗೆ ಪೆಪ್ಪರಮೆಂಟು ಕೊಡಿಸುವುದು ಅಪರಾಧವೇ? ನಮ್ಮ ಸುದ್ದಿ ಅಣ್ಣನಿಂದಲೇ ಹೋಗುತ್ತಿದೆ ಎಂದು ತೀರ್ಮಾನಿಸಿ ಅವನಿಗೆ ಫೋನು ಮಾಡುವುದನ್ನು ಬಿಟ್ಟೆ. ಅಷ್ಟರಲ್ಲಿ ಶೈಲಳಿಗೆ ದೂರದ ಊರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸಂದರ್ಶನ ಬಂತು. ಸಂದರ್ಶನ ಮಾತ್ರ ಇಲ್ಲೇ ಚಿತ್ರದುರ್ಗದಲ್ಲಿ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲೇ ಅವನು ಕೂತಿದ್ದ. ಅವಳು ದಾರಿಯಲ್ಲೇ ಇಳಿದು ವಾಪಸು ಬಂದಳು. ಪುಣ್ಯಕ್ಕೆ ಶಾಲೆಯವರು ಫೋನಿನಲ್ಲೇ ಮಾತನಾಡಿಸಿ ಕೆಲಸ ಕೊಟ್ಟರು. ಅದನ್ನು ಅವಳು ಬೇರೆಯವರ ಫೋನಿನಲ್ಲಿ, ಹೊರಗೆ ನಿಂತು ಮಾತನಾಡಿದ್ದಳು. ಆ ಊರಿನ ಹೆಸರನ್ನು ಬಾಯಲ್ಲೂ ಎತ್ತಬೇಡ ಎಂದು ನನಗೂ ತಾಕೀತು ಮಾಡಿದ್ದಳು.

"ತಿಪ್ಪೇಸ್ವಾಮಿ ಮಾವಂಗೆ ಚಿತ್ರದುರ್ಗದ್ದು ಗೊತ್ತೇ ಇರ್ಲಿಲ್ಲವ್ವಾ" ಎಂದಳು ಶೈಲ ಅಂದು, ಸಣ್ಣ ದನಿಯಲ್ಲಿ. "ನಮ್ಮ ಸುದ್ದಿ ಬೇರೆ ಯಾವ್ದೋ ದಾರಿಯಾಗೆ ಹೋಗ್ತೈತೆ. ಅದು ಗೊತ್ತಾಗ್ದೆ ನಾವು ಊರು ಬಿಟ್ರೆ ಅಲ್ಲಿಗೂ ಬರ್ತಾನೆ. ಅಮೃತನ್ನ ಬಿಡಲ್ಲ."

ಅವಳು ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಮದುವೆಗೆ ಮುಂಚೆ ಚಳ್ಳಕೆರೆಯಲ್ಲಿ ಅವಳು ಪಾಠ ಹೇಳುತ್ತಿದ್ದ ತರಬೇತಿ ಕೇಂದ್ರದವರು ಮೂಲೆಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಆಟೊದಲ್ಲಿ ಹಾಕಿಕೊಂಡು ಬಂದು ಹಿಂದಿನ ಕೋಣೆಯಲ್ಲಿ ಇಟ್ಟಳು. ಅದರಲ್ಲಿ ಇದ್ದದ್ದು ಲಿನಕ್ಸ್, ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದಂತೆ. ಮನೆಯಿಂದ ನೆಟ್ಟಿನ ಮೇಲೆ ಏನೇನು ಹೊರಗೆ ಹೋಗುತ್ತದೆ, ಏನೇನು ಒಳಗೆ ಬರುತ್ತದೆ ಎಂದು ತೋರಿಸುವ ಒಂದು ಪ್ರೋಗ್ರಾಂ ಅದರ ಮೇಲೆ ಓಡಿಸಬೇಕಿತ್ತು.

"ಸಿದ್ಧ ಇರೋದು ಸಿಗಲ್ವಾ?" ಎಂದೆ.

"ಈ ಹಳೇ ಮಿಷನ್ನಿಗೆ ಸಿದ್ಧ ಮಾಡಿ ಕೊಡೋದನ್ನ ಬಿಟ್ಟೌರೆ. ಕೊಟ್ರೂ ನಂಗೆ ಬ್ಯಾಡ. ನನ್ ಲ್ಯಾಪ್‌ಟಾಪಿಗೆ ಎಲ್ಲಾ ಅವನೇ ಸಿದ್ಧ ಮಾಡಿ ಹಾಕ್ಕೊಟ್ಟಿದ್ದ. ಅದ್ರೊಳಗೆ ಏನ್ ಬೆರೆಸಿದ್ದ ಅಂತ ಯಾರಿಗ್ ಗೊತ್ತು? ಇದ್ರ ಸೋರ್ಸ್ ಕೋಡ್ ಎಲ್ರಿಗೂ ಕಾಣಂಗೆ ಇಟ್ಟಿರ್ತಾರೆ. ಕಾಳು ಇದ್ದಂಗೆ. ಆ ಕಾಳು ತಂದು ನಾನೇ ಬೀಸ್ಕಂತೀನಿ."

ಅದನ್ನು ಕಂಪೈಲ್ ಮಾಡುವುದು ಎನ್ನುತ್ತಾರೆ. ನಾವಿಬ್ಬರೂ ಬೀಸುವುದು ಎಂದೇ ಕರೆದೆವು.

ಮನೆಯ ನೆಟ್ಟನ್ನು ಅವಳು ಮುಟ್ಟಲಿಲ್ಲ. ಅವನು ಎಳೆದ ತಂತಿ ಅದು. ತರಬೇತಿ ಕೇಂದ್ರಕ್ಕೆ ಹೋಗಿ ಪೆನ್‌ಡ್ರೈವಿನಲ್ಲಿ ಆ ಕಾಳಿನ ಮೂಟೆಯನ್ನು ಇಳಿಸಿಕೊಂಡು ಬಂದಳು. ಮೂಟೆಯಲ್ಲಿ ಯಾರೂ ಕೈಹಾಕಿಲ್ಲ ಎಂದು ತಿಳಿಯಲು ಒಂದು ಉದ್ದದ ಗುರುತು ಇರುತ್ತದೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಬೆರೆತದ್ದು. ಅವಳು ಚೀಟಿಯಲ್ಲಿ ಬರೆದು ತಂದದ್ದನ್ನು ನಾನು ಒಂದೊಂದೇ ಓದಬೇಕು, ಅವಳು ಪರದೆಯ ಮೇಲಿನದಕ್ಕೆ ತಾಳೆ ನೋಡಬೇಕು. ಶಾಲೆ ಬಿಟ್ಟ ಮೇಲೆ ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ನಾಲಿಗೆ ತಡವರಿಸಿತು. ಒಂದು ಅಕ್ಷರ ತಪ್ಪಿದರೂ ಮಕ್ಕಳ ಜೀವ ಹೋದಂತೆ ಎಂದು ಬೆವರುತ್ತ ಓದಿದೆ. ಎಲ್ಲ ಸರಿಯಿತ್ತು.

ಆಮೇಲೆ ಶುರುವಾಯಿತು. ಬೀಸುವ ಮೊದಲು ಅದು ಕಂಪ್ಯೂಟರಿನೊಳಗೆ ಏನಿದೆ ಏನಿಲ್ಲ ಎಂದು ತಾನೇ ವಿಚಾರಿಸುತ್ತ ಹೋಗುತ್ತದೆ. ಇದು ಇದೆಯೇ? ಯೆಸ್. ಅದು ಇದೆಯೇ? ಯೆಸ್. ಹೀಗೆ ಸಾಲಿನ ಮೇಲೆ ಸಾಲು ಓಡಿ, ಎಲ್ಲೋ ಒಂದು ಕಡೆ ನೋ ಎಂದು ನಿಂತುಬಿಡುತ್ತದೆ. ಆ ಇಲ್ಲದ್ದನ್ನು ಶೈಲ ಮತ್ತೆ ತರಬೇತಿ ಕೇಂದ್ರಕ್ಕೆ ಹೋಗಿ ಪೆನ್‌ಡ್ರೈವಿನಲ್ಲಿ ತರಬೇಕು. ತಂದರೆ ಅದಕ್ಕೆ ಇನ್ನೊಂದು ಬೇಕು. ಅವಳು ಹೊರಗೆ ಹೋದಾಗಲೆಲ್ಲ ನಾನು ಬಾಗಿಲಿಗೆ ಅಗುಳಿ ಹಾಕಿ, ಒಳಗಿನಿಂದ ಒರಳುಕಲ್ಲು ಉರುಳಿಸಿ ಇಟ್ಟು, ನಿಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ಕೂಡಿಸಿಕೊಂಡು ಕೂರುತ್ತಿದ್ದೆ. ಸುಗ್ಗಿಯ ಕಾಲ, ಓಣಿಯಲ್ಲಿ ಬೈಕುಗಳಿಗೆ ಕೊರತೆಯಿಲ್ಲ. ಒಂದೊಂದು ಬೈಕು ನಮ್ಮ ಬಾಗಿಲು ದಾಟಿ ಹೋಗುವ ತನಕ ನನ್ನ ಉಸಿರು ನಿಲ್ಲುತ್ತಿತ್ತು. ಅಮೃತ ಹಾಡಲು ಬಾಯಿ ತೆಗೆದರೆ ಕೈಯಿಂದ ಮುಚ್ಚುತ್ತಿದ್ದೆ. ಮೂರು ವರ್ಷದ ಮಗು, ನನ್ನ ಮುಖ ನೋಡಿ ತಾನೂ ಸುಮ್ಮನಾಗುತ್ತಿತ್ತು.

ಕೊನೆಗೆ ಬೀಸುವುದು ಶುರುವಾದ ದಿನ ಕಂಪ್ಯೂಟರು ಕಾದು ಹೆಂಚಾಯಿತು. ಅದರ ಫ್ಯಾನು ಗೊರಗೊರ ಎನ್ನುತ್ತಿತ್ತು. ನಾನು ಮೊರ ತಂದು ಗಾಳಿ ಹಾಕುತ್ತ ಕೂತೆ. ಪರದೆಯ ತುಂಬ ಹುಳು ಹರಿದಂತೆ ಸಾಲುಗಳು. ನಡುನಡುವೆ ವಾರ್ನಿಂಗ್ ಎಂಬ ಪದ. ಆ ಪದ ನನಗೆ ಓದಲು ಬರುತ್ತಿತ್ತು, ಬೆರಳಿಟ್ಟು ತೋರಿಸಿದೆ.

"ಅದು ನಿನ್ನಂಗೆ ಅವ್ವಾ" ಎಂದಳು ಶೈಲ, ಎಷ್ಟೋ ದಿನದ ಮೇಲೆ ಸ್ವಲ್ಪ ನಕ್ಕು. "ಬರೀ ಹೆದರ್ಸುತ್ತೆ, ಕೆಲಸ ನಿಲ್ಸಲ್ಲ."

ಪಕ್ಕದ ಮನೆಯ ಜೈಬುನ್ನಿ ಬಾಗಿಲಲ್ಲಿ ಇಣುಕಿದಳು. ಮಿಲ್ಲಿನಲ್ಲಿ ಹಿಂಡಿ ಚೀಲ ತುಂಬುವ ಕೆಲಸ ಅವಳದು, ಬಾಯಿ ಸ್ವಲ್ಪ ಜಾಸ್ತಿ. "ಏನ್ ಗೌರಮ್ಮಕ್ಕಾ, ಕಂಪ್ಯೂಟರಿಗೆ ಮೊರ ಬೀಸ್ತೀಯಾ? ಜ್ವರ ಬಂದೈತಾ ಅದಕ್ಕೆ?"

"ಅದ್ರಾಗೆ ಹಿಟ್ಟು ಬೀಸ್ತಿದೀವಿ ಜೈಬುನ್ನಕ್ಕಾ" ಎಂದಳು ಶೈಲ.

"ಬೀಸ್ರಿ ಬೀಸ್ರಿ. ರೊಟ್ಟಿ ಆದ್ರೆ ಒಂದ್ ನಂಗೂ ಇರ್ಲಿ."

ಮಧ್ಯದಲ್ಲಿ ಕರೆಂಟು ಹೋಯಿತು. ನಮ್ಮಲ್ಲಿ ಅದು ದಿನದ ಪಾಡು. ಉಳಿದದ್ದನ್ನು ನಾಳೆ ಮುಗಿಸುತ್ತೇನೆ ಎಂದಳು ಶೈಲ.

ಇಲ್ಲಿ ನನ್ನದೊಂದು ರೂಢಿಯನ್ನು ನಿಮಗೆ ಹೇಳಬೇಕು. ತಾತ ಹೋದ ಮೇಲೆ, ದೀಪ ಹಚ್ಚಿದ ಹೊತ್ತಿಗೆ ನಾನು ಅವರ ಫೋಟೊದ ಮುಂದೆ ನಿಂತು ಆ ದಿನದ್ದನ್ನೆಲ್ಲ ಹೇಳುತ್ತಿದ್ದೆ. ಅವರಿದ್ದಾಗಲೂ ಸಂಜೆ ಮನೆಗೆ ಬಂದು ಕಾಲು ತೊಳೆದ ಮೇಲೆ "ಏನೇ ಸಮಾಚಾರ?" ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಬೇರೆ ಯಾರೊಡನೆಯೂ ಅಷ್ಟು ಮಾತು ನನಗಿರಲಿಲ್ಲ. ಮನೆಯ ಸುದ್ದಿ ಯಜಮಾನರಿಗೆ ಹೇಳದೆ ಮಲಗುವುದು ಹೇಗೆ? ಅಂದು ಸಂಜೆ ಕರೆಂಟು ಬಂದ ಮೇಲೂ ಹೇಳಿದೆ: "ನೋಡ್ರೀ, ನಿಮ್ ಮಗಳು ಕಂಪ್ಯೂಟರಿನಾಗೆ ಏನೋ ಬೀಸ್ತಾ ಅವ್ಳೆ. ನಮ್ಮನೆ ಸುದ್ದಿ ಯಾರು ಒಯ್ತಾರೆ ಅಂತ ಅದು ತೋರಿಸ್ತದಂತೆ."

ಮಾರನೆಯ ಬೆಳಿಗ್ಗೆ ನನ್ನ ಫೋನು ರಿಂಗಾಯಿತು. ನಿಮ್ಮಪ್ಪ.

"ಅತ್ತೆ, ನಿಮ್ ಮಗಳು ಬೀಸೋದು ಮುಗೀತಾ? ಹಿಟ್ಟು ನುಣ್ಣಗೆ ಬಂತಾ?" ಎಂದ. ನಕ್ಕ. "ಅದು ಅವಳ ಕೈಲಾಗೋ ಕೆಲಸ ಅಲ್ಲ ಬಿಡ್ರಿ."

ಫೋನು ಕತ್ತರಿಸಿದೆ. ಮೊದಲು ನನಗೆ ನೆನಪಾದದ್ದು ಜೈಬುನ್ನಿ. ಅವಳೂ ಹೀಗೆ ಮಾಡಿದಳೇ ಎಂದುಕೊಂಡೆ. ಭಯ ಒಮ್ಮೆ ಒಳಹೊಕ್ಕರೆ ಯಾವ ಮುಖವನ್ನೂ ನಂಬಲು ಬಿಡುವುದಿಲ್ಲ. ಶೈಲಳಿಗೆ ಹೇಳಿದೆ. ಅವಳು ಬಿಳಿಚಿಕೊಂಡು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು. ಹಿಂದಿನ ಕೋಣೆಗೆ ಹೋಗಿ ಉಳಿದದ್ದನ್ನು ಬೀಸಿ ಮುಗಿಸಿದಳು. ಆಮೇಲೆ ಹೊರಗಿನಿಂದ ಬರುವ ನೆಟ್ಟಿನ ತಂತಿಯನ್ನು ಮೊದಲು ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿಂದ ಮನೆಗೆ ಬಿಟ್ಟಳು. ಹೊಸ್ತಿಲಲ್ಲಿ ಕಾವಲುಗಾರನನ್ನು ಕೂರಿಸಿದ ಹಾಗೆ. ಹೋಗುವವರು, ಬರುವವರು ಎಲ್ಲ ಇನ್ನು ಅದರ ಕಣ್ಣೆದುರೇ ದಾಟಬೇಕು.

ನಮ್ಮ ಫೋನುಗಳನ್ನು ಆರಿಸಿದಳು. ಟಿ.ವಿ. ಪ್ಲಗ್ಗು ಕಿತ್ತಳು. ಮನೆಯಲ್ಲಿ ನೆಟ್ಟು ಬಳಸುವುದು ಇನ್ನೇನೂ ಇರಲಿಲ್ಲ. ಪರದೆ ಖಾಲಿಯಾಗಬೇಕಿತ್ತು. ಆಗಲಿಲ್ಲ. ಆಗೊಂದು ಈಗೊಂದು ಸಾಲು ಮೂಡುತ್ತಲೇ ಇತ್ತು. ಶೈಲ ನಡುಮನೆಗೆ ಹೋಗಿ ಏನಾದರೂ ಮಾತನಾಡು ಎಂದು ನನಗೆ ಸನ್ನೆ ಮಾಡಿದಳು. ಹೋಗಿ ನಿಂತೆ. ಅಷ್ಟರಲ್ಲಿ ಜೋಲಿಯಲ್ಲಿ ಮಲಗಿದ್ದ ಕಿರಣ ಎಚ್ಚರಾಗಿ ಜೋರಾಗಿ ಅತ್ತ.

ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಹಿಂದಿನ ಕೋಣೆಯ ಪರದೆಯ ತುಂಬ ಸಾಲುಗಳು ಸುರಿದವು. ಕೂಸು ಬಿಕ್ಕಿ ನಿಲ್ಲಿಸಿತು, ಸಾಲುಗಳೂ ನಿಂತವು. ಮತ್ತೆ ಅತ್ತಿತು, ಮತ್ತೆ ಸುರಿದವು. ನನ್ನ ಮೊಮ್ಮಗನ ಅಳು ನಮ್ಮ ಮನೆಯಿಂದ ಹೊರಟು ಎಲ್ಲಿಗೋ ಹೋಗುತ್ತಿರುವುದನ್ನು ನಾನು ಕಣ್ಣಾರೆ ನೋಡಿದೆ. ಶೈಲ ಸದ್ದಿಲ್ಲದೆ ನಡುಮನೆಗೆ ನಡೆದು, ತಾತನ ಫೋಟೊದ ಮುಂದಿನ ಭಜನೆಯ ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಪರದೆ ಸತ್ತಂತೆ ನಿಂತಿತು. ಕಿರಣ ಇನ್ನೂ ಅಳುತ್ತಿದ್ದ.

ನಾನು ತಾತನ ಫೋಟೊ ನೋಡಿದೆ. ಇಷ್ಟು ದಿನ ಸಂಜೆ ನಾನು ಹೇಳಿದ ಒಂದೊಂದು ಮಾತನ್ನೂ ಅವರ ಕಾಲ ಬಳಿ ಕೂತು ಅವನು ಕೇಳಿದ್ದ. ಲಸಿಕೆ, ಕೊಂಡ್ಲಹಳ್ಳಿ, ಚಿತ್ರದುರ್ಗ. ಆ ಪೆಟ್ಟಿಗೆಯನ್ನು ಎತ್ತಿ ಒರಳಿನಲ್ಲಿ ಜಜ್ಜಬೇಕು ಎನಿಸಿತು. ಶೈಲ ಕೈ ಹಿಡಿದಳು. ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ನಿಮ್ಮಿಬ್ಬರನ್ನೂ ನನ್ನನ್ನೂ ಜೈಬುನ್ನಿಯ ಮನೆಗೆ ಎಳೆದುಕೊಂಡು ಹೋದಳು.

"ಒಡೆದ್ರೆ ಅವನಿಗೆ ಗೊತ್ತಾಗ್ತೈತೆ ಅವ್ವಾ. ಇರ್ಲಿ ಅದು. ಅವನು ಕೇಳ್ತಾ ಇರ್ಲಿ. ನಾವು ಹೋಗ್ತೀವಿ."

ಶೈಲಳಿಗೆ ಕೆಲಸ ಸಿಕ್ಕ ಹೊಸ ಊರಿನಲ್ಲಿ, ಶಾಲೆಯವರಿಗೆ ಪರಿಚಯದ ಒಬ್ಬ ವಕೀಲೆ ಇದ್ದರು. ಕಾವಲು ಕೂತ ಪ್ರೋಗ್ರಾಂ ಹಿಡಿದಿಟ್ಟ ಸಾಲುಗಳನ್ನು ಅವರಿಗೆ ತಲುಪಿಸಿದರೆ, ಅವನು ಶೈಲಳ ಹತ್ತಿರ, ನಿಮ್ಮ ಹತ್ತಿರ ಬರಬಾರದೆಂದು ಕೋರ್ಟಿನಿಂದ ಆದೇಶ ತರಬಹುದು ಎಂದು ಜೈಬುನ್ನಿಯ ಫೋನಿನಲ್ಲಿ ಹೇಳಿದರು. ಅದು ಬರುವ ತನಕ ನೀವೆಲ್ಲ ಚಳ್ಳಕೆರೆಯಲ್ಲೇ ಇದ್ದೀರಿ ಎಂದು ಅವನು ನಂಬಿರಬೇಕು. ಅದಕ್ಕೆ ಮನೆಯಲ್ಲಿ ಯಾರಾದರೂ ಉಳಿಯಬೇಕು.

ಅಂದು ಸಂಜೆ ದೀಪ ಹಚ್ಚಿ ನಿಂತೆ. "ನೋಡ್ರೀ, ಕಂಪ್ಯೂಟರು ಸುಟ್ಟೋತಂತೆ. ಬೀಸೋದು ಆಗ್ಲೇ ಇಲ್ಲ. ಶೈಲ ಅಳ್ತಾ ಕೂತವಳೆ" ಎಂದೆ. ನಿಮ್ಮ ತಾತನ ಮುಖ ನೋಡಿ ನಾನು ಆಡಿದ ಮೊದಲ ಸುಳ್ಳು ಅದು.

ಮರುದಿನ ಕರೆಂಟು ಹೋದಾಗ, ಪೆಟ್ಟಿಗೆ ಕಿವುಡಾಗಿದ್ದ ಹೊತ್ತಿನಲ್ಲಿ, ಜೈಬುನ್ನಿಯ ತಮ್ಮನ ಲಗೇಜು ಆಟೊ ಹಿತ್ತಲ ಬಾಗಿಲಿಗೆ ಬಂತು. ಹಿಂಡಿ ಚೀಲಗಳ ನಡುವೆ ಶೈಲಳನ್ನೂ ನಿಮ್ಮಿಬ್ಬರನ್ನೂ ಕೂರಿಸಿದೆವು. ಅಮೃತ ನನ್ನ ಸೆರಗು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆ. ಅವಳು ಅಳಲಿಲ್ಲ, ಅಳಬಾರದು ಎಂದು ಅಷ್ಟರಲ್ಲಿ ಕಲಿತುಬಿಟ್ಟಿದ್ದಳು.

ಆಮೇಲೆ ಖಾಲಿ ಮನೆಯಲ್ಲಿ ನಾನು ಸಂಸಾರ ನಡೆಸಿದೆ. "ಅಮೃತಾ, ಬಾಯಿ ತೆಗಿ, ಇನ್ನೊಂದ್ ತುತ್ತು" ಎನ್ನುತ್ತಿದ್ದೆ. "ಶೈಲಾ, ಬಿಸಿನೀರು ಕಾದೈತೆ ನೋಡು" ಎನ್ನುತ್ತಿದ್ದೆ. ಶೈಲಳ ಬದಲಿಗೆ ಪಾತ್ರೆ ಸದ್ದು ಮಾಡುತ್ತಿದ್ದೆ. ಜೋಲಿಯ ಹಗ್ಗ ಕಿರುಗುಟ್ಟಲು ಭಾರ ಬೇಕು. ಅದರೊಳಗೆ ಒಂದು ಸಣ್ಣ ಚೀಲ ಶೇಂಗಾ ಹಾಕಿ ತೂಗುತ್ತಿದ್ದೆ. ಶೈಲ ಒಂದು ಹಳೆಯ ಮೊಬೈಲಿನಲ್ಲಿ ಕಿರಣನ ಅಳುವನ್ನೂ ಅಮೃತಳ ಹಾಡನ್ನೂ ತುಂಬಿಸಿಟ್ಟು ಹೋಗಿದ್ದಳು. ಅದನ್ನು ಹಚ್ಚುತ್ತಿದ್ದೆ. ಜೀವವಿಲ್ಲದ ಮನೆಯಲ್ಲಿ ನಿಮ್ಮ ದನಿ ಕೇಳಿ ಮೈ ಮುಳ್ಳೇಳುತ್ತಿತ್ತು. ನೀವು ಸತ್ತೇಹೋಗಿದ್ದೀರೇನೋ ಎನಿಸುತ್ತಿತ್ತು. ಆದರೂ ಸಮಾಧಾನದ ದನಿಯಲ್ಲಿ "ಅಳಬ್ಯಾಡ ನನ್ ರಾಜ" ಎನ್ನಬೇಕು. ಅಷ್ಟು ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಒಂದು ಸಂಜೆ ಜೋಲಿ ತೂಗುತ್ತಿದ್ದಾಗ ಬಾಗಿಲ ಆಚೆ ಬೈಕು ನಿಂತಿತು. ದಾಟಿ ಹೋಗಲಿಲ್ಲ.

"ಅತ್ತೆ" ಎಂದ, ಬಾಗಿಲಿಗೆ ಬಾಯಿ ಹಚ್ಚಿದ ಹಾಗೆ, ಮೆಲ್ಲಗೆ. "ಕೂಸು ದಿನಾ ಒಂದೇ ಥರ ಅಳ್ತೈತಲ್ಲ ಅತ್ತೆ? ಅದೇ ಜಾಗದಾಗೆ ಬಿಕ್ಕುತ್ತೆ, ಅದೇ ಜಾಗದಾಗೆ ಕೆಮ್ಮುತ್ತೆ. ಬಾಗಿಲು ತೆಗೀರಿ."

ಒರಳುಕಲ್ಲಿನತ್ತ ಹೋಗುವಷ್ಟರಲ್ಲಿ ಅವನ ಭುಜದ ಗುದ್ದಿಗೆ ಹಳೆಯ ಅಗುಳಿ ಕಿತ್ತು ಬಂತು. ಒಳಗೆ ಬಂದ. ನನ್ನನ್ನು ಮುಟ್ಟಲಿಲ್ಲ. ಜೋಲಿಯ ಅಂಚು ಸರಿಸಿ ಶೇಂಗಾ ಚೀಲ ನೋಡಿದ. ಮುಖದ ನಗು ಹೋಯಿತು. ನಗುವಿಲ್ಲದ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಮಗಳು ಇಷ್ಟು ವರ್ಷ ಆ ಮುಖದ ಎದುರು ಬದುಕಿದ್ದಳು.

"ಎಲ್ಲಿ ಅವ್ರು?"

ನಾನು ಜೋಲಿಯ ಹಗ್ಗ ಹಿಡಿದು ನಿಂತೆ. ಬಾಯಿ ತೆರೆದರೆ ಊರಿನ ಹೆಸರು ತಾನಾಗಿ ಉದುರಿಬಿಡುತ್ತದೆ ಎಂಬ ಹೆದರಿಕೆಗೆ ಹಲ್ಲು ಕಚ್ಚಿದೆ.

"ಎಲ್ಲಿ ಅಂತ ಕೇಳ್ದೆ" ಎಂದು ಕೈ ಎತ್ತಿದ.

"ಏನ್ ಅಳಿಯಪ್ಪಾ, ಬಾಗಿಲು ಮುರ್ಕಂಡು ಬಂದೀಯಾ? ಹಿಂಡಿ ಬೇಕಿತ್ತಾ?" ಜೈಬುನ್ನಿ ಹೊಸ್ತಿಲಲ್ಲಿ ನಿಂತಿದ್ದಳು. ಮಿಲ್ಲು ಬಿಟ್ಟ ಹೊತ್ತು, ಅವಳ ಹಿಂದೆ ಚೀಲ ತುಂಬುವ ಹೆಂಗಸರೆಲ್ಲ ಇದ್ದರು. ಅಗುಳಿ ಮುರಿದ ಸದ್ದಿಗೆ ಬಂದಿದ್ದರು. ಓಣಿಯ ಎದುರು ಅವನು ಯಾವತ್ತೂ ಒಳ್ಳೆಯವನೇ. ಎತ್ತಿದ ಕೈಯಿಂದ ತಲೆ ಸವರಿಕೊಂಡು, ಅವರ ನಡುವೆಯೇ ದಾರಿ ಮಾಡಿಕೊಂಡು ಹೋದ. ಬೈಕಿನ ಸದ್ದು ದೂರವಾಯಿತು.

ಜೈಬುನ್ನಿ ನನ್ನ ಪಕ್ಕ ಬಂದು ಪೆಟ್ಟಿಗೆಯ ಪ್ಲಗ್ಗು ಕಿತ್ತು ಎಸೆದಳು.

"ನಿನ್ ಮಗಳು ಮಧ್ಯಾಹ್ನ ನನ್ ಫೋನಿಗೆ ಮಾಡಿದ್ಲು ಅಕ್ಕಾ, ನಾನು ಮಿಲ್ಲಿನಾಗಿದ್ದೆ, ಈಗ ನೋಡಿ ತಿರುಗಿ ಮಾಡ್ದೆ. ಕೋರ್ಟಿಂದ ಆರ್ಡರ್ ಆತಂತೆ. ಮಕ್ಳು ಆರಾಮಂತೆ. ಅಲ್ಲಿ ಪೊಲೀಸ್ರಿಗೂ ಹೇಳೈತಂತೆ."

ಕೇಳಿಸಿತು. ಒಂದೊಂದು ಮಾತೂ ಅರ್ಥವಾಯಿತು. ಆದರೆ ನನ್ನ ಕೈ ಹಗ್ಗ ಬಿಡಲಿಲ್ಲ. ಜೋಲಿ ಕಿರುಗುಟ್ಟುತ್ತ ಹೋಗಿ ಬರುತ್ತಲೇ ಇತ್ತು.

"ಸಾಕು ಬಿಡೇ ಅಕ್ಕಾ" ಎಂದು ಜೈಬುನ್ನಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಕೂತಳು. "ಇನ್ನು ಯಾರೂ ಕೇಳಿಸ್ಕಂತಿಲ್ಲ. ಸಾಕು, ತೂಗಬ್ಯಾಡ."